ಹುಣಸೆಬೀಜ ತೇಯುವ ಕಲ್ಲು

"ವೈನಿ, ಇದು ನಿಮ್ಮಿಂದ ಆಗೂ ಮಾತಲ್ಲ," ಎಂದವನು ಮಲ್ಲವ್ವನ ಮೈದುನ. "ಆಟ ಆಡಿಸಿ ರೋಗಿಗಳನ್ನ ಎಬ್ಬಿಸಾಕ ಪ್ಯಾಟ್ಯಾಗ ಎಂಥೆಂಥಾ ಸಾಮಾನು ಇಟ್ಟಾರ. ನಿಮ್ಮ ಹತ್ರ ಏನೈತಿ?"

ಮಲ್ಲವ್ವ ಹೊಳೆದಂಡೆಯ ಮಠಕ್ಕೆ ಹೋಗಿ ಗುರುಗಳ ಮುಂದೆ ನಿಂತಳು. ಕೈಕಾಲು ಸೋತವರು, ಮನಸ್ಸು ಕುಗ್ಗಿದವರು ಅಲ್ಲಿ ಆಡುತ್ತ ಆಡುತ್ತ ಚೇತರಿಸಿಕೊಳ್ಳುತ್ತಿದ್ದರು. ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

"ಈ ವಿದ್ಯೆ ಕಲಿತು ನಮ್ಮೂರ ಹೆಣ್ಮಕ್ಕಳಿಗೆ ಕಲಿಸಬೇಕು, ಅಜ್ಜಾರ. ಸಾಮಾನು ಕೊಳ್ಳೂ ಶಕ್ತಿ ನನಗಿಲ್ಲ, ಅವರಿಗೂ ಇಲ್ಲ."

ಗುರುಗಳು ಜಗಲಿಯತ್ತ ನೋಡಿದರು. ಅಲ್ಲಿ ಕುಂಬಾರ ದ್ಯಾಮಣ್ಣ ಕೂತಿದ್ದ. ಪಾರ್ಶ್ವವಾಯು ಬಡಿದ ಅವನ ಬಲಗೈ ಮಡಿಲಲ್ಲಿ ಬಿದ್ದಿತ್ತು.

"ಆ ಕೈ ಚೌಕಾಬಾರ ಆಡಿದ ದಿನ ಹೋಗಿ ಕಲಿಸು."

ಮಠದ ಅಡುಗೆಮನೆಯಲ್ಲಿ ಹುಣಸೆಬೀಜಕ್ಕೆ ಬರವಿರಲಿಲ್ಲ. ಮಲ್ಲವ್ವ ಹೊಳೆಯಿಂದ ಒಂದು ಚಪ್ಪಟೆ ಕಲ್ಲು ತಂದಳು. ಒಂದು ಮಗ್ಗುಲು ಬೆಳ್ಳಗಾಗುವವರೆಗೆ ಬೀಜ ತೇಯ್ದಳು. ಚೌಕಾಬಾರದ ಕವಡೆಯ ಬದಲಿಗೆ ಗಡಿಗೆ ತುಂಬ ಬೀಜ. ಬೆರಳ ತುದಿಯ ಚರ್ಮ ಸುಲಿಯಿತು.

ದ್ಯಾಮಣ್ಣನ ಬಲ ಅಂಗೈಯಲ್ಲಿ ನಾಲ್ಕು ಬೀಜ ಇಟ್ಟಳು. ಅವನು ಅವನ್ನು ಎಡಗೈಗೆ ತೆಗೆದುಕೊಂಡು ಎಸೆದ.

"ಬಾರಾ, ಎಂಟು!" ಎಂದು ನಕ್ಕ. "ಆಟ ಚಲೋ ಐತಿ ತಂಗಿ. ಆ ಕೈ ಸತ್ತೈತಿ, ಅದರ ಉಸಾಬರಿ ಬಿಡು."

ಮಲ್ಲವ್ವ ಇನ್ನೂ ನುಣ್ಣಗೆ ತೇಯ್ದಳು, ಎಣ್ಣೆ ಸವರಿದಳು. ದ್ಯಾಮಣ್ಣನ ಎಡಗೈ ಇನ್ನೂ ಚುರುಕಾಯಿತು.

ಕೊನೆಗೆ ಗಡಿಗೆ ಹೊತ್ತು ಗುರುಗಳ ಬಳಿ ಹೋದಳು.

"ಪ್ಯಾಟಿ ಸಾಮಾನಿಗೆ ಇದು ಕಡಿಮಿ ಇಲ್ಲ, ಅಜ್ಜಾರ. ಎಲ್ಲಾ ನಾನ ಮಾಡೀನಿ. ಎಲ್ಲಿ ತಪ್ಪೇತಿ?"

ಗುರುಗಳು ಗಡಿಗೆಯನ್ನು ಹೊಳೆಗೆ ಬೋರಲು ಹಾಕಿದರು.

"ಅಜ್ಜಾರ! ನನ್ನ ಬೆರಳು ನೋಡ್ರಿ!"

"ನೋಡಿದೆ. ನಿನ್ನ ಬೆರಳಿಗೆ ಚಲೋ ಕಸರತ್ತು ಆಗೇತಿ. ದ್ಯಾಮಣ್ಣನ ಬೆರಳಿಗೆ?"

ಮಲ್ಲವ್ವ ಬರಿದಾದ ಗಡಿಗೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಆಮೇಲೆ ತೇಯದ ಬೀಜಗಳನ್ನೂ ಕಲ್ಲನ್ನೂ ತಂದು ದ್ಯಾಮಣ್ಣನ ಮುಂದಿಟ್ಟಳು.

"ತೇಯ್ದು ಕೊಡು ತಂಗಿ."

"ಕೊಡೂದಿಲ್ಲ."

"ಸೊಕ್ಕು ಬಂತೇನು?"

"ಮೊದಲಿಂದಾನೂ ಐತಿ."

ದ್ಯಾಮಣ್ಣ ಗೊಣಗುತ್ತ ಎಡಗೈಯಲ್ಲಿ ಬೀಜ ಹಿಡಿದು ತೇಯ್ದ. ಕಲ್ಲು ಜಾರಿತು. ಎಳೆದುಕೊಂಡು ಮತ್ತೆ ತೇಯ್ದ. ಮತ್ತೆ ಜಾರಿತು.

ಕಲ್ಲು ಹಿಡಿಯಲು ಮಲ್ಲವ್ವನ ಕೈ ತಾನಾಗಿ ಮುಂದೆ ಹೋಯಿತು. ಹಿಂದಿನಿಂದ ಗುರುಗಳು ಕೆಮ್ಮಿದರು. ಅವಳು ಕೈಕಟ್ಟಿ ಕೂತಳು. ಕಲ್ಲು ಜಾರಿದಾಗಲೆಲ್ಲ ತುಟಿ ಕಚ್ಚಿದಳು.

ದ್ಯಾಮಣ್ಣ ಬೈದ. ಕಲ್ಲಿಗೆ, ಬೀಜಕ್ಕೆ, ಅವಳಿಗೆ. ಕೊನೆಗೆ ಮಡಿಲಲ್ಲಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ, ಭಾರಕ್ಕೆಂದು ಕಲ್ಲಿನ ಮೇಲೆ ಹೇರಿದ.

ಮೊದಮೊದಲು ಅದು ಬರೀ ಭಾರ. ದಿನ ಕಳೆದಂತೆ ಹೆಬ್ಬೆರಳು ಕಲ್ಲಿನ ಅಂಚನ್ನು ತಡಕಿತು. ಉಳಿದ ಬೆರಳುಗಳು ತಡವಾಗಿ, ಒಲ್ಲದ ಮನಸ್ಸಿನಿಂದ ಬಂದವು.

ಒಂದು ಮಧ್ಯಾಹ್ನ ಆ ಕೈ ನಾಲ್ಕು ಬೀಜ ಚೆಲ್ಲಿತು. ವಾರೆಕೋರೆ ಬೀಜಗಳು. ಬೆಳ್ಳಗೆ ಬಿದ್ದದ್ದು ಒಂದೇ.

"ಒಂದು!" ದ್ಯಾಮಣ್ಣ ಕೂಗಿದ. ಕಣ್ಣು ಒರೆಸಿಕೊಳ್ಳಲು ಅದೇ ಕೈ ಎತ್ತಲು ಹೋದ. ಅದು ಎದೆಯವರೆಗಷ್ಟೇ ಬಂತು.

ಮಲ್ಲವ್ವ ಊರಿಗೆ ಹೊರಟಳು.

"ಮೈದುನ ಕೇಳ್ತಾನ ಅಜ್ಜಾರ, ನಿಮ್ಮ ಹತ್ರ ಈಗ ಏನೈತಿ ಅಂತ. ಏನು ಹೇಳಲಿ?"

ಗುರುಗಳು ಕಲ್ಲನ್ನು ಅವಳ ಅಂಗೈಯಲ್ಲಿಟ್ಟರು.

"ಒಂದು ಕಲ್ಲು ಐತಿ ಅನ್ನು. ಗಡಿಗಿ ಬೀಜ ತೇಯ್ದರೂ ಅದರ ಗುಟ್ಟು ಸಿಗಲಿಲ್ಲ, ಕೈಕಟ್ಟಿ ಕೂತದ್ದಕ್ಕ ಸಿಕ್ತು ಅನ್ನು."