ಕೆಳಗೆರೆಯ ಅವಸರ

ಚೀನೀ ಬರಹದಲ್ಲಿ ‘ದೇಶ’ ಎಂಬ ಅಕ್ಷರ ಒಂದು ಮನೆ ಇದ್ದಂತೆ. ಕುಂಚ ಮೊದಲು ಗೋಡೆಯ ಗೆರೆಗಳನ್ನು ಕರೆಯುತ್ತದೆ, ಆಮೇಲೆ ಒಳಗಿರಬೇಕಾದ ‘ರತ್ನ’ ಎಂಬ ಗುರುತಿನ ಗೆರೆಗಳನ್ನು. ಎಲ್ಲರೂ ಒಳಗೆ ಬಂದ ಮೇಲೆಯೇ ಬಾಗಿಲು ಮುಚ್ಚುವ ಕೆಳಗೆರೆಯನ್ನು. ಇದರಿಂದ ಕೆಳಗೆರೆಗೆ ಹೊಟ್ಟೆಯುರಿ. ಅಂದರೆ, ಗೋಡೆಗೆ ಸಿಗುವ ಹೊಸ ಮಸಿ ತನಗಿಲ್ಲವಲ್ಲ ಎಂಬ ಸಂಕಟ.

“ಗೋಡೆಯಣ್ಣಾ, ನಿನಗೆ ತುಂಬು ಮಸಿ, ನನಗೆ ಮಿಕ್ಕಿದ್ದು! ಇವತ್ತು ನೋಡು,” ಎಂದು, ಗೋಡೆ ಎದ್ದ ಕೂಡಲೇ ಕೆಳಗೆರೆ ನುಗ್ಗಿ ಅಡ್ಡ ಮಲಗಿತು.

“ತಂಗೀ, ನಾವಿನ್ನೂ ಹೊರಗಿದ್ದೇವೆ, ಬಾಗಿಲು ತೆಗಿಯಮ್ಮ!” ಎಂದು ರತ್ನದ ಗೆರೆಗಳು ಕೂಗಿದವು.

“ತೆಗೆದರೆ ನಾನು ಮತ್ತೆ ಕೊನೆಯವಳಾಗುತ್ತೇನೆ.”

ಕುಂಚ ಮೆಲ್ಲಗೆ ಕೇಳಿತು: “ಒಳಗೆ ಯಾರಿದ್ದಾರೆ ಅಂತ ಬಾಗಿಲು ಹಾಕಿದೆಯಮ್ಮ?”

ಕೆಳಗೆರೆ ಆಗ ಒಳಗೆ ತಿರುಗಿ ನೋಡಿತು. ಬರೀ ಬಿಳಿ ಕಾಗದವಿತ್ತು.