ಕ್ರೋಶಾ ಹೊದಿಕೆಯ ಟೀಪಾಯಿ

ನರಹರಿರಾಯರಿಗೆ ರಾಕ್ ಸಂಗೀತದ ಹುಚ್ಚು. ಗೋಡೆಗೆ ನೇತುಹಾಕುವ ತೆಳ್ಳನೆಯ ಸ್ಪೀಕರ್ ತಂದರು. ನೋಡಲು ಫೋಟೋ ಫ್ರೇಮಿನ ಹಾಗೆ ಚೆಂದ. ಹಾಡು, ಗಿಟಾರು ಎಲ್ಲ ಸೊಗಸು. ಡ್ರಮ್ಮು ಮಾತ್ರ ಹಪ್ಪಳದ ಡಬ್ಬಿ ತಟ್ಟಿದ ಹಾಗೆ ಕೇಳಿಸಿತು. ಹಳೇ ದೊಡ್ಡ ಡಬ್ಬಾ ಸ್ಪೀಕರಿನಲ್ಲಾದರೆ ಅದೇ ಡ್ರಮ್ಮು ಎದೆ ನಡುಗಿಸುತ್ತಿತ್ತು.

"ಸಂಜೆ ಷಡಕ್ಷರಿ ಬರ್ತಾನೆ. ಇದರಲ್ಲಿ ರಾಕ್ ಬರೋದೇ ಇಲ್ಲ ಅಂತ ಬೆಟ್ ಕಟ್ಟಿದಾನೆ. ಡ್ರಮ್ ಎದೆಗೆ ಗುದ್ದಬೇಕು. ಆ ಹಳೇ ಡಬ್ಬಾ ಸ್ಪೀಕರ್ ಮಾತ್ರ ಕಣ್ಣಿಗೆ ಬೀಳಬಾರದು. ಏನಾದ್ರೂ ಮಾಡು!" ಎಂದು ಹೆಂಡತಿ ಪಂಕಜಮ್ಮನಿಗೆ ಅಪ್ಪಣೆ ಕೊಟ್ಟು ರಾಯರು ಮಲಗಲು ಹೋದರು.

ಪಂಕಜಮ್ಮನ ಮನೆಯಲ್ಲಿ ಫ್ರಿಜ್ಜಿನಿಂದ ಮಿಕ್ಸಿಯವರೆಗೆ ಎಲ್ಲಕ್ಕೂ ಆಕೆ ನೂಲಿನಲ್ಲಿ ಹೆಣೆದ ಕ್ರೋಶಾ ಹೊದಿಕೆ. ಅದರಡಿ ಏನಿದೆಯೆಂದು ರಾಯರು ಒಮ್ಮೆಯೂ ನೋಡಿದವರಲ್ಲ.

ಸಂಜೆ ಡ್ರಮ್ಮು ಗುಡುಗಿತು. ಗೆಳೆಯ ಷಡಕ್ಷರಿ ಸೋತೆನೆಂದು ಕೈಮುಗಿದರು. ರಾಯರು ಮೀಸೆ ತಿರುವಿದರು. ಅಷ್ಟರಲ್ಲಿ ಕ್ರೋಶಾ ಹೊದಿಸಿದ ಟೀಪಾಯಿಯ ಮೇಲಿನ ಕಾಫಿ ಲೋಟಗಳು ಕುಣಿಯತೊಡಗಿದವು.

"ಇದೆಂಥ ಹೊಸ ಟೀಪಾಯಿನೇ? ಕಾಫಿ ಚೆಲ್ಲುತ್ತೆ, ಒಳಗೆ ತಗೊಂಡು ಹೋಗು!" ಎಂದು ರಾಯರು ಹೆಂಡತಿಯನ್ನು ಗದರಿದರು.

ಪಂಕಜಮ್ಮ ಬಗ್ಗಿ ಅವರ ಕಿವಿಯಲ್ಲಿ, "ತಗೊಂಡು ಹೋಗ್ತೀನಿ ರೀ. ಡ್ರಮ್ಮೂ ಅದರ ಜೊತೆಗೇ ಒಳಗೆ ಬರುತ್ತೆ, ಪರವಾಗಿಲ್ವಾ?" ಎಂದರು.

ರಾಯರು ಹೊದಿಕೆಯ ಅಂಚು ಮೆಲ್ಲಗೆ ಎತ್ತಿ ನೋಡಿದರು. ಹಳೇ ಡಬ್ಬಾ ಸ್ಪೀಕರ್, ವೈರ್ ಸಮೇತ! ತಟ್ಟನೆ ಅಂಚು ಬಿಟ್ಟು ಲೋಟ ಎತ್ತಿಕೊಂಡರು.

"ಷಡಕ್ಷರಿ, ಲೋಟ ಕೈಯಲ್ಲೇ ಹಿಡ್ಕೊಳ್ಳಯ್ಯ. ರಾಕ್ ಕೇಳೋವಾಗ ಕಾಫಿ ಹಾಗೇ ಕುಡಿಯೋದು!"