ಬಾವಿ ತೋಡುವವನ ಹೆಂಡತಿ

“ಭಂತೇ, ನಾನು ಬುದ್ಧವಚನದ ಸುತ್ತ ಪಠಿಸಿದಾಗ ಜನ ಹೊಗಳುತ್ತಾರೆ. ಅಹಂಕಾರ ಬಂದೀತೆಂದು ಹೆದರಿ, ‘ಇದರಲ್ಲಿ ನನ್ನದೇನೂ ಇಲ್ಲ’ ಎಂದು ಅಲ್ಲಿಂದ ಎದ್ದು ಬರುತ್ತೇನೆ. ನಾನೂ ಯಾರನ್ನೂ ಹೊಗಳುವುದಿಲ್ಲ. ಇದು ಸರಿಯಲ್ಲವೇ?” ಎಂದು ಭಿಕ್ಷು ಸುವಚ ಕೇಳಿದ.

ಭೀಮಾ ನದಿಯ ದಡದ ಆ ವಿಹಾರದಲ್ಲಿ ಗುರುಗಳು ತಮ್ಮ ಚೀವರಕ್ಕೆ ತೇಪೆ ಹಾಕುತ್ತಿದ್ದರು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಹೇಳಿದರು:

ಬಾವಿ ತೋಡುವವನೊಬ್ಬನಿದ್ದ. ಅವನು ಕೈ ಹಾಕಿದಲ್ಲಿ ನೀರು ಬರುತ್ತದೆ ಎಂದು ಸುತ್ತಲಿನ ಊರುಗಳಲ್ಲಿ ಹೆಸರಾಗಿತ್ತು. ಆದರೆ ಹೊಗಳಿಕೆಯೆಂದರೆ ಅವನಿಗೆ ಭಯ. ಒಮ್ಮೆ ಒಂದು ಊರಿನಲ್ಲಿ ನೀರು ಬಿದ್ದಾಗ ಮುದುಕಿಯೊಬ್ಬಳು ಅವನ ಎರಡೂ ಕೈ ಹಿಡಿದುಕೊಂಡು, “ನಮ್ಮನ್ನು ಬದುಕಿಸಿದೆ ಮಗನೇ” ಎಂದಳು. ಅವನು ಕೈ ಬಿಡಿಸಿಕೊಂಡು, “ನೀರು ಮೊದಲೇ ಇತ್ತು, ನಾನೇನೂ ಮಾಡಲಿಲ್ಲ” ಎಂದ. ಮುದುಕಿಯ ಮುಖ ಸಣ್ಣಗಾಯಿತು. ಅವನಿಗೋ, ಅಹಂಕಾರದಿಂದ ಪಾರಾದೆನೆಂಬ ಸಮಾಧಾನ. ಪಕ್ಕದಲ್ಲಿ ನಿಂತಿದ್ದ ಹೆಂಡತಿಯ ಕಡೆ ಅವನು ನೋಡಲಿಲ್ಲ.

ಅವನು ಅಗೆದ ಮಣ್ಣನ್ನು ಹಗ್ಗದಿಂದ ಮೇಲಕ್ಕೆಳೆದು, ತಲೆಯ ಮೇಲೆ ಹೊತ್ತು ದೂರ ಸುರಿಯುವುದು ಅವಳ ಕೆಲಸ.

ಮುಂದಿನ ಊರಿನಲ್ಲಿ ಬಾವಿ ಆಳವಾಯಿತು. ನೀರಿನ ಸುಳಿವಿಲ್ಲ. ಒಂದು ಮಧ್ಯಾಹ್ನ ಅವನು ಬುಟ್ಟಿ ತುಂಬಿ ಹಗ್ಗ ಜಗ್ಗಿದ. ಬುಟ್ಟಿ ಕದಲಲಿಲ್ಲ. ಮತ್ತೆ ಜಗ್ಗಿದ. ಮೇಲೆ ನೋಡಿದರೆ ಹೆಂಡತಿ ಬಾವಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಾಳೆ.

“ಯಾಕೆ, ಎಳೆಯುವುದಿಲ್ಲವೇ?”

“ನೀವು ಏನೂ ಮಾಡುವುದಿಲ್ಲವಂತಲ್ಲ! ಹಾಗಾದರೆ ಇಷ್ಟು ವರ್ಷ ನಾನು ಹೊತ್ತದ್ದು ಯಾರು ಅಗೆದ ಮಣ್ಣು?”

“ಹೊಗಳಿಕೆ ತಲೆಗೇರುತ್ತದೆ ಕಣೇ, ಅದಕ್ಕೆ ಹಾಗೆ ಹೇಳುತ್ತೇನೆ.”

“ನಿಮ್ಮ ತಲೆಗೇರೀತೆಂದು ಊರಿನವರ ಬಾಯನ್ನೆಲ್ಲ ಮುಚ್ಚಿಸುತ್ತೀರಿ. ನನ್ನ ತಲೆಗೆ ಈವರೆಗೆ ಏರಿದ್ದು ಬುಟ್ಟಿಯೊಂದೇ.”

ಅವನಿಗೆ ನಗು ಬಂತು. ನಗು ಅರ್ಧಕ್ಕೇ ನಿಂತಿತು. ಸುತ್ತಲೂ ಮಣ್ಣಿನ ಗೋಡೆ. ಅದು ಕುಸಿದರೆ ಅವನನ್ನು ಮೇಲಕ್ಕೆ ಎಳೆಯಬೇಕಾದವಳು ಅವಳು. ಅದು ಗೊತ್ತಿದ್ದೇ ಅವನು ದಿನವೂ ಧೈರ್ಯವಾಗಿ ಇಳಿಯುತ್ತಿದ್ದ. ಆ ಮಾತನ್ನು ಅವಳಿಗೆ ಎಂದೂ ಹೇಳಿರಲಿಲ್ಲ. ತನ್ನನ್ನು ಹೊಗಳಬೇಡಿರೆಂದು ಸಾಧಿಸುತ್ತ ಸಾಧಿಸುತ್ತ ಇತರರನ್ನು ಹೊಗಳುವುದನ್ನೂ ಮರೆತುಬಿಟ್ಟಿದ್ದ.

ಅವನು ಕತ್ತೆತ್ತಿ ಹೇಳಿದ: “ಮೇಲೆ ನೀನಿದ್ದೀಯೆಂದೇ ನಾನು ಹೆದರದೆ ಇಳಿಯುತ್ತೇನೆ. ನಿನ್ನ ಕೈಯಿಂದ ಹಗ್ಗ ಒಮ್ಮೆಯೂ ಜಾರಿಲ್ಲ.”

ಅವಳು ಎದ್ದು ಹಗ್ಗ ಹಿಡಿದಳು. “ಹೌದು, ಜಾರಿಲ್ಲ” ಎಂದಳು. ಬುಟ್ಟಿ ಎಷ್ಟು ರಭಸದಿಂದ ಮೇಲೇರಿತೆಂದರೆ ಅರ್ಧ ಮಣ್ಣು ಅವನ ತಲೆಯ ಮೇಲೆಯೇ ಉದುರಿತು.

ಕೆಲವು ದಿನಗಳಲ್ಲಿ ಸೆಲೆ ಒಡೆಯಿತು. ಊರ ಗೌಡ ಹೂವಿನ ಹಾರ ತಂದು ಅವನ ಕೊರಳಿಗೆ ಹಾಕಿದ. ಈ ಸಲ ಅವನು ಹಿಂದೆ ಸರಿಯಲಿಲ್ಲ. “ಬಹಳ ಸಂತೋಷವಾಯಿತು” ಎಂದು ಕೈ ಮುಗಿದ. ಬಳಿಕ ಹಾರ ತೆಗೆದು ಹೆಂಡತಿಗೆ ಹಾಕಿ, “ಇವಳು ಎಳೆಯದಿದ್ದರೆ ನಾನು ಇನ್ನೂ ಕೆಳಗೇ ಇರುತ್ತಿದ್ದೆ” ಎಂದ. ಅವಳು ನಾಚಲೂ ಇಲ್ಲ, ಬೇಡವೆನ್ನಲೂ ಇಲ್ಲ. ಹಾರದ ಪರಿಮಳವನ್ನು ಚೆನ್ನಾಗಿ ಮೂಸಿ ನೋಡಿ, ಬಾವಿಗೆ ಜಾಗ ತೋರಿಸಿದ್ದ ಆ ಊರಿನ ಕುರುಬನನ್ನು ಕರೆದು ಅವನ ಕೊರಳಿಗೆ ಹಾಕಿದಳು. ಕುರುಬನು, “ಬೇಸಿಗೆಯಲ್ಲೂ ಇಲ್ಲಿ ಹಸಿರಿದೆಯೆಂದು ಕಂಡುಹಿಡಿದವಳು ಇವಳು” ಎನ್ನುತ್ತ ಅದನ್ನು ತನ್ನ ಕರಿ ಮೇಕೆಗೆ ಹಾಕಿದ. ಮೇಕೆ ಕತ್ತು ತಿರುಗಿಸಿ ಹಾರವನ್ನು ತಿನ್ನತೊಡಗಿತು. ಊರಿಗೆ ಊರೇ ನಕ್ಕಿತು. ಅಲ್ಲಿ ಯಾರಿಗೂ ಅಹಂಕಾರ ಬಂದದ್ದು ಕಾಣಲಿಲ್ಲ.

ಸುವಚನೂ ನಕ್ಕ. “ಹಾಗಾದರೆ ಭಂತೇ, ನಾಳೆ ಜನ ಹೊಗಳಿದರೆ ನಾನು ಏನು ಹೇಳಲಿ?”

ಗುರುಗಳು ಸೂಜಿ ಎತ್ತಿಕೊಂಡು ಕೇಳಿದರು:

“ನಿನಗೆ ಸುತ್ತ ಪಠಿಸಲು ಕಲಿಸಿದವರು ಯಾರು?”

ಸುವಚ ಕೈ ಮುಗಿದು, “ನಾಳೆ ಅವರ ಹೆಸರು ಹೇಳುತ್ತೇನೆ, ಭಂತೇ” ಎಂದ.